ಗರ್ನೀತನ ಸೂಜಿ

ಟಿಕೆಟ್ಟನ್ನು ಚೀಲಕ್ಕೆ ಹಾಕಿಕೊಂಡ ಮೇಲೂ ಆ ಹೆಂಗಸು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಹಿಂದೆ ನಿಂತವರು ಗೊಣಗಿದರೂ ಕಿವಿಗೆ ಹಾಕಿಕೊಳ್ಳದೆ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದಳು:

“ಬೆಕ್ಕಿಗೆ ಇನ್ಸುಲಿನ್ ಚುಚ್ಚೋಳು ನೀನೇನಾ?”

“ನಾನೇ,” ಎಂದಳು ದಲೆಂದಾ. “ಯಾಕೆ, ನಿಮಗೂ ಚುಚ್ಚಬೇಕಿತ್ತಾ?”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಂಗಸು, “ಈ ದ್ವೀಪದಲ್ಲಿ ನಾಚಿಕೆ ಅನ್ನೋದು ಸತ್ತೇ ಹೋಯ್ತು,” ಎನ್ನುತ್ತ ಶಾಲು ಬಿಗಿದುಕೊಂಡು ಹಡಗಿನ ಕಡೆ ನಡೆದಳು. ದಲೆಂದಾ ಮುಂದಿನವರ ಟಿಕೆಟ್ ಹರಿದಳು. ಅವಳ ಮೊಣಕೈ ಪಕ್ಕದಲ್ಲಿ ಹಳೆಯ ಸ್ವೆಟರಿನ ಮೇಲೆ ಮಲಗಿದ್ದ ಬೂದು ಬಣ್ಣದ ಗಡವ ಬೆಕ್ಕು ಒಂದು ಕಣ್ಣು ತೆರೆದು ಮುಚ್ಚಿತು.

ದಲೆಂದಾಳಿಗೆ ನಲವತ್ತೇಳು. ಸ್ಫಾಕ್ಸ್ ಪಟ್ಟಣಕ್ಕೆ ಮದುವೆಯಾಗಿ ಹೋದವಳು, ಗಂಡ ಮೊದಲ ಸಲ ಕೈಯೆತ್ತಿದ ಮರುದಿನವೇ ಒಂದು ಪೆಟ್ಟಿಗೆ ಹಿಡಿದು ಬೆಳಗಿನ ಹಡಗು ಹತ್ತಿ ಕೆರ್ಕೆನ್ನಾ ದ್ವೀಪಕ್ಕೆ ವಾಪಸು ಬಂದಿದ್ದಳು. ಎರಡನೇ ಸಲ ಕೈಯೆತ್ತಲು ಅವನಿಗೆ ಅವಕಾಶವನ್ನೇ ಕೊಡಲಿಲ್ಲ. ಸೀದಿ ಯೂಸೆಫ್ ಬಂದರಿನ ಟಿಕೆಟ್ ಕಿಟಕಿಯಲ್ಲಿ ಕೆಲಸ ಕೇಳಿದಾಗ, ಗಾಳಿ ಎದ್ದ ದಿನ ಜನರ ಬೈಗುಳ ಹೆಂಗಸಿನಿಂದ ತಡೆಯೋಕಾಗಲ್ಲ ಅಂದಿದ್ದರು. ಹದಿನೈದು ವರ್ಷದಿಂದ ತಡೆಯುತ್ತಿದ್ದಳು. ಬಡ್ಡಿ ಸಮೇತ ತಿರುಗಿಸಿಯೂ ಕೊಡುತ್ತಿದ್ದಳು.

ಬೆಕ್ಕಿಗೆ ಅವಳಿಟ್ಟ ಹೆಸರು ಗರ್ನೀತ್. ಅಲ್ಲಿನವರ ಬಾಯಲ್ಲಿ ಆಕ್ಟೋಪಸ್‌ಗೆ ಹಾಗನ್ನುತ್ತಾರೆ. ಅಂಗೈಯಗಲದ ಮರಿಯಾಗಿದ್ದಾಗ ಒಣಗಲು ಹಾಕಿದ್ದ ಆಕ್ಟೋಪಸ್‌ನ ಕಾಲು ಕಚ್ಚಿಕೊಂಡು ಹಗ್ಗದಲ್ಲೇ ಜೋತಾಡುತ್ತಿದ್ದವನನ್ನು ಅವಳು ಬಿಡಿಸಿ ತಂದಿದ್ದಳು. ಎಂಟು ವರ್ಷ ಅವನು ಬಂದರಿನ ಯಜಮಾನನಂತೆ ಮೆರೆದ. ಹಡಗಿಗೆ ಕಾಯುವವರು ಬಿಸ್ಕತ್ತು ಹಾಕುತ್ತಿದ್ದರು, ಬ್ರೆಡ್ಡಿನ ಚೂರು ಹಾಕುತ್ತಿದ್ದರು. ಮನೆಯಲ್ಲಿ ದಲೆಂದಾ ಸ್ಫಾಕ್ಸಿನಿಂದ ತರಿಸಿದ ಒಣ ತಿಂಡಿ, ಚೀಲದಲ್ಲಿ ಬರುವ ಕಾಳಿನಂಥದ್ದು, ಬಟ್ಟಲು ತುಂಬ ಸುರಿಯುತ್ತಿದ್ದಳು.

ಹೋದ ಶರತ್ಕಾಲದಲ್ಲಿ ಅವನು ನೆಲ ಒರೆಸುವ ಬಕೀಟಿನ ನೀರನ್ನೂ ಬಿಡದೆ ಕುಡಿಯತೊಡಗಿದ. ಎಷ್ಟು ತಿಂದರೂ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಆಮೇಲೆ ಹಿಂಗಾಲಿನ ತ್ರಾಣ ಹೋಗಿ, ಬೆರಳ ಮೇಲೆ ನಡೆಯುವ ಪ್ರಾಣಿ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ಮೊಲದಂತೆ ತೆವಳತೊಡಗಿತು. ಬುಟ್ಟಿಯಲ್ಲಿಟ್ಟುಕೊಂಡು ಸ್ಫಾಕ್ಸಿಗೆ ಒಯ್ದಳು. ಪಶುವೈದ್ಯ ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದ. ಬೆಳಿಗ್ಗೆ ಎರಡು ಯೂನಿಟ್, ಸಂಜೆ ಎರಡು ಯೂನಿಟ್ ಇನ್ಸುಲಿನ್, ಅದೇ ಒಣ ತಿಂಡಿ, ಅದೇ ಹೊತ್ತಿಗೆ ಎಂದು ಚೀಟಿ ಬರೆದುಕೊಟ್ಟ. ದ್ವೀಪದ ಔಷಧಿ ಅಂಗಡಿಯಲ್ಲಿ ಮನುಷ್ಯರಿಗೆ ಸಿಗುವ ಇನ್ಸುಲಿನ್ನೇ ಅವನಿಗೂ ಆಗುತ್ತಿತ್ತು.

ಆಮೇಲೆ ಅಭಾವ ಬಂತು.

ಜನವರಿಯಲ್ಲಿ ಅಂಗಡಿಯ ಇನ್ಸುಲಿನ್ ಮುಗಿಯಿತು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಜನ ಓಡಾಡಿ ಸವೆದರು. ದಲೆಂದಾಳ ಅಣ್ಣನ ಮನೆಯಲ್ಲೇ ಒಬ್ಬರು ಕಾಯುತ್ತಿದ್ದರು: ಅತ್ತಿಗೆ ಫೌಜಿಯಾಳ ತಾಯಿ ಮಬ್ರೂಕಾ. ಇಪ್ಪತ್ತು ವರ್ಷದಿಂದ ಸೂಜಿ ಚುಚ್ಚಿಕೊಳ್ಳುತ್ತಿದ್ದ ಮುದುಕಿ. ದ್ವೀಪದ ರೆಮ್ಲಾ ಊರಲ್ಲಿದ್ದ ಆ ಮನೆಯ ಮುಂಭಾಗ ಅಣ್ಣನದು, ಅಂಗಳದಾಚೆಯ ಕೋಣೆ ದಲೆಂದಾಳದು. ಅಣ್ಣ ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲಿರುತ್ತಿದ್ದ. ಅಂಗಳದ ಈಚೆ ಆಚೆ ಇಬ್ಬರು ಹೆಂಗಸರ ಮಾತು ಮಾತ್ರ ಉಳಿಯುತ್ತಿತ್ತು.

“ನನ್ನಮ್ಮ ಕಣ್ಣು ಮಂಜಾಗಿ ಗೋಡೆಗೊರಗಿ ಕೂತಿದ್ದಾಳೆ,” ಎಂದಳು ಫೌಜಿಯಾ ಒಂದು ಬೆಳಿಗ್ಗೆ, ದಲೆಂದಾ ಬೆಕ್ಕಿನ ಹೆಗಲ ಚರ್ಮ ಎತ್ತಿ ಹಿಡಿದಿದ್ದಾಗ. “ನೀನು ಬೀದಿ ಬೆಕ್ಕಿಗೆ ಚುಚ್ಚುತ್ತಿದ್ದೀಯಲ್ಲ, ದೇವರು ಮೆಚ್ಚುತ್ತಾನಾ?”

ದಲೆಂದಾ ಸೂಜಿ ಚುಚ್ಚಿ ಮುಗಿಸಿದಳು. ಒಳಗೆ ಹೋಗಿ ಫ್ರಿಜ್ಜಿನಿಂದ ಇನ್ನೂ ಮುಚ್ಚಳ ಒಡೆಯದ ಬಾಟಲಿ ತಂದು ಅತ್ತಿಗೆಯ ಕೈಯಲ್ಲಿಟ್ಟಳು. ಅವಳ ಹತ್ತಿರ ಇದ್ದದ್ದು ಎರಡೇ. ಇನ್ನೊಂದು ಆಗಲೇ ಅರ್ಧಕ್ಕಿಂತ ಕೆಳಗಿಳಿದಿತ್ತು.

“ನಿಮ್ಮಮ್ಮನ ಇನ್ಸುಲಿನ್ನೂ ಇದೇ ಜಾತಿಯದಲ್ವಾ, ತಗೊಳ್ಳಿ ಅತ್ತಿಗೆ. ಮನುಷ್ಯರು ಮೊದಲು, ನಾನೂ ಒಪ್ತೀನಿ. ಆದರೆ ಇದನ್ನ ಸಾಯಿಸು ಅಂತ ಮಾತ್ರ ನನಗೆ ಹೇಳಬೇಡಿ.”

ಫೌಜಿಯಾ ಅದನ್ನು ತೆಗೆದುಕೊಂಡು ಹೋದಳು. ಬಾಟಲಿಯ ವಿಷಯ ಅವಳ ಬಾಯಿಂದ ಹೊರಗೆ ಬೀಳಲಿಲ್ಲ. ಬೆಕ್ಕಿನ ವಿಷಯ ಮಾತ್ರ ಎರಡೇ ದಿನದಲ್ಲಿ ದ್ವೀಪದ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಔಷಧಿ ಅಂಗಡಿಯ ನೂರೆದ್ದೀನ್ ಅವಳನ್ನು ಬಾಗಿಲಲ್ಲೇ ತಡೆದು, “ಬಂದ್ರೂ ನಿನಗೆ ಕೊಡಲ್ಲಮ್ಮ. ಊರಿನವರು ನನ್ನ ಅಂಗಡಿಗೆ ಕಲ್ಲು ಹೊಡೀತಾರೆ,” ಎಂದ. ಬಂದರಿನಲ್ಲಿ ಗಂಡಸರು ಅವಳನ್ನು ಕಂಡರೆ ಮಿಯಾಂವ್ ಅನ್ನತೊಡಗಿದರು. ಅವಳು ಅಂಥವರಿಗೆ ಟಿಕೆಟ್ ಕೊಡುವಾಗ, “ಬಾಲ ಇದ್ದವರಿಗೋ ಬಾಲ ಇಲ್ಲದವರಿಗೋ?” ಎಂದು ಕೇಳುತ್ತಿದ್ದಳು.

ಆದರೆ ಬಾಟಲಿ ದಿನದಿನಕ್ಕೆ ಇಳಿಯುತ್ತಿತ್ತು. ಅದನ್ನು ಬೈದು ಏರಿಸಲಾಗುವುದಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಮುದುಕಿ ಮಬ್ರೂಕಾ ಕೋಲೂರಿಕೊಂಡು ಅಂಗಳ ದಾಟಿ ಬಂದಳು. ಬಂದವಳೇ ಮಣೆ ಎಳೆದುಕೊಂಡು ಕೂತು, “ಆ ಬಾಟಲಿ ನೀನು ಕೊಟ್ಟದ್ದಂತೆ. ಮಗಳು ಹೇಳಲಿಲ್ಲ, ನಾನೇ ಬಾಯಿ ಬಿಡಿಸಿದೆ,” ಎಂದಳು. “ಎಲ್ಲಿ, ನನ್ನ ಜೊತೆಗಾರನ್ನ ತೋರಿಸು.”

ದಲೆಂದಾ ಗರ್ನೀತನನ್ನು ಎತ್ತಿ ಅವಳ ಮಡಿಲಲ್ಲಿಟ್ಟಳು. ಮುದುಕಿ ಅವನ ಬೆನ್ನು ಸವರಿ, ಹಿಂಗಾಲು ಮುಟ್ಟಿ ನೋಡಿದಳು. “ಪಾಪ, ನನಗೂ ಪಾದ ಹೀಗೇ ಜೋಮು. ಏನು ತಿನ್ನಿಸ್ತೀಯಾ ಇವನಿಗೆ?”

ದಲೆಂದಾ ಚೀಲ ತಂದಳು. ಮುದುಕಿಗೆ ಓದು ಬರದು. ಬೊಗಸೆಯಲ್ಲಿ ಕಾಳು ಹಿಡಿದು ಮೂಸಿದಳು, ಒಂದನ್ನು ಹಲ್ಲಿಲ್ಲದ ಒಸಡಿನಲ್ಲಿ ಒತ್ತಿ ಉಗುಳಿದಳು. “ಇದರಲ್ಲಿ ಏನೇನಿದೆ ಅಂತ ಬರೆದಿರ್ತಾರಲ್ಲ, ಓದು.”

“ಜೋಳ, ಗೋಧಿ, ಅಕ್ಕಿ, ಕೋಳಿಯ ಪುಡಿ...”

“ಸಾಕು ನಿಲ್ಲಿಸು. ಜೋಳ, ಗೋಧಿ, ಅಕ್ಕಿ! ಇದು ನಾವು ತಿನ್ನೋ ಕುಸ್ಕುಸಿ ಕಣೇ, ಬರೀ ರವೆ! ಎರಡು ಹೊತ್ತೂ ಕುಸ್ಕುಸಿ ತಿನ್ನಿಸಿ, ತಿನ್ನಿಸಿದ್ದಕ್ಕೆ ಅಂತ ಒಂದು ಸೂಜಿ ಚುಚ್ತೀಯಾ? ಡಾಕ್ಟರು ನನಗೆ ಬ್ರೆಡ್ಡು ಬಿಡು ಅಂತ ಇಪ್ಪತ್ತು ವರ್ಷದಿಂದ ಬಡಕೊಳ್ತಾನೆ, ನಾನು ಬಿಡಲಿಲ್ಲ, ನಾನು ಮನುಷ್ಯಳು, ಅಭ್ಯಾಸ. ಇವನು ಬೆಕ್ಕು. ಇವನಿಗೆ ಬ್ರೆಡ್ಡು ಕಲಿಸಿದವರು ಯಾರು?”

ದಲೆಂದಾ ಚೀಲವನ್ನೇ ನೋಡುತ್ತ ಕೂತಳು. ಸುತ್ತಲೂ ಸಮುದ್ರ, ಆಕ್ಟೋಪಸ್ ಹಿಡಿಯುವ ಕಾಲ, ಬಲೆಗೆ ಬಿದ್ದ ಸಣ್ಣ ಮೀನನ್ನು ಕೊಳ್ಳುವವರಿಲ್ಲದೆ ದಡದಲ್ಲೇ ಎಸೆಯುತ್ತಾರೆ. ತಾನು ಮಾತ್ರ ಹಡಗಿನಲ್ಲಿ ಜೋಳ ತರಿಸುತ್ತಿದ್ದೇನೆ.

ಮರುದಿನವೇ ಶಾಬಾನ್ ಎಂಬ ಮೀನುಗಾರನನ್ನು ಹಿಡಿದಳು. ತಾಳೆಗರಿಯ ಬೇಲಿ ಕಟ್ಟಿ ಮೀನು ಹಿಡಿಯುವ ಮುದುಕ ಅವನು. ಅವಳ ತಂದೆಯ ಗೆಳೆಯ. “ಸಣ್ಣ ಬೂತಾಯಿ ಮೀನಿದ್ದರೆ ನನಗೆ ಬೇಕು ಶಾಬಾನ್ ಮಾಮ, ಜೊತೆಗೆ ಆಕ್ಟೋಪಸ್ ಕತ್ತರಿಸಿ ಉಳಿದದ್ದು.” ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ, ಕೋಳಿಯ ಲಿವರ್ ಒಂದಿಷ್ಟು ಸೇರಿಸಿ, ಉಪ್ಪಿಲ್ಲದೆ ಇಟ್ಟಳು. ಗರ್ನೀತ್ ಬಟ್ಟಲನ್ನು ನೆಲದ ಮೇಲೆ ಗೋಡೆಯ ತನಕ ತಳ್ಳಿಕೊಂಡು ಹೋಗಿ ನೆಕ್ಕಿದ. ಒಣ ತಿಂಡಿಯ ಚೀಲವನ್ನು ಕಟ್ಟಿ ಕಪಾಟಿನ ಮೇಲೆ ಎಸೆದಳು. ಕಿಟಕಿಯ ಗಾಜಿಗೆ, “ಬೆಕ್ಕಿಗೆ ಬಿಸ್ಕತ್ತು ಹಾಕಿದವರಿಗೆ ಟಿಕೆಟ್ ಇಲ್ಲ” ಎಂದು ಬರೆದು ಅಂಟಿಸಿದಳು.

ಅವಳ ತಪ್ಪು ಒಂದೇ. ತಿಂಡಿ ಬದಲಾಯಿತು, ಸಿರಿಂಜು ಹಿಡಿದ ಕೈ ಮಾತ್ರ ಎರಡು ಯೂನಿಟ್ಟಿನಲ್ಲೇ ನಿಂತಿತ್ತು.

ಐದನೆಯ ದಿನ ಮೂಡಣ ಗಾಳಿ ಎದ್ದು ಹಡಗು ನಿಂತಿತು. ಬಂದರು ಖಾಲಿ. ಮಧ್ಯಾಹ್ನದ ಹೊತ್ತಿಗೆ ಸ್ವೆಟರಿನ ಮೇಲೆ ಮಲಗಿದ್ದ ಗರ್ನೀತ್ ಎದ್ದು, ಕುಡಿದವನಂತೆ ತೂರಾಡಿ, ಮೇಜಿನಿಂದ ಪಕ್ಕಕ್ಕೆ ಬಿದ್ದ. ಕಣ್ಣು ಅಗಲವಾಗಿ ತೆರೆದಿದ್ದರೂ ಅವಳನ್ನು ನೋಡುತ್ತಿರಲಿಲ್ಲ. ಒಂದು ಕಿವಿ ಅದುರುತ್ತಿತ್ತು, ಆಮೇಲೆ ಇಡೀ ಮೈ ಅದುರತೊಡಗಿತು.

ಮಬ್ರೂಕಾಳಿಗೆ ಹೀಗಾದದ್ದನ್ನು ದಲೆಂದಾ ಎರಡು ಸಲ ನೋಡಿದ್ದಳು. ಇದು ಏರಿದ ಸಕ್ಕರೆಯಲ್ಲ, ಪಾತಾಳಕ್ಕಿಳಿದ ಸಕ್ಕರೆ. ಪಕ್ಕದ ಕಾಫಿ ಅಂಗಡಿಗೆ ಓಡಿ ಜೇನಿನ ಡಬ್ಬವನ್ನು ಕೇಳದೆಯೇ ಎತ್ತಿಕೊಂಡು ಬಂದಳು. ಗಂಟಲಿಗೆ ಸುರಿಯಲಿಲ್ಲ, ಬೆರಳಿಗೆ ಅದ್ದಿಕೊಂಡು ಅವನ ಒಸಡಿಗೆ ತಿಕ್ಕಿದಳು, ಮತ್ತೆ ತಿಕ್ಕಿದಳು. ಹಲ್ಲು ತಾಗಿ ಬೆರಳಲ್ಲಿ ರಕ್ತ ಬಂತು. “ಏಳೋ, ಏಳೋ ಕಳ್ಳ, ಊರವರ ಬಾಯಿಗೆ ನನ್ನನ್ನ ಹಾಕಿ ಹೋಗಬೇಡ,” ಎನ್ನುತ್ತಿದ್ದಳು. ಹತ್ತು ನಿಮಿಷ ಕಳೆದ ಮೇಲೆ ಅದುರುವುದು ನಿಂತಿತು. ಇನ್ನೊಂದು ಹತ್ತು ನಿಮಿಷಕ್ಕೆ ಅವನು ತಲೆಯೆತ್ತಿ ಅವಳ ಬೆರಳು ನೆಕ್ಕಿದ. ಅವಳು ಮನೆಯಿಂದ ಡಬ್ಬಿಯಲ್ಲಿ ತಂದಿದ್ದ ಮೀನನ್ನು ತಿನ್ನಿಸಿದಳು, ಎದೆಗೊತ್ತಿಕೊಂಡು ನೆಲದ ಮೇಲೇ ಕೂತಳು. ಆಗ ಅತ್ತಳು, ಒಂದು ಕ್ಷಣ, ಸಿಟ್ಟಿನಿಂದ.

ಸ್ವಲ್ಪ ಸುಧಾರಿಸಿಕೊಂಡು ಸ್ಫಾಕ್ಸಿನ ಪಶುವೈದ್ಯನಿಗೆ ಫೋನ್ ಮಾಡಿದಳು. ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದಳು.

“ಯಾರು ಹೇಳಿದ್ದು ನಿಮಗೆ ತಿಂಡಿ ಬದಲಾಯಿಸೋಕೆ?” ಎಂದು ಅವನು ರೇಗಿದ. “ಕೊಂದೇಬಿಡ್ತಿದ್ರಲ್ಲ!”

“ಹೌದು, ಕೊಂದೇಬಿಡ್ತಿದ್ದೆ. ಈಗ ಏನು ಮಾಡಲಿ ಹೇಳಿ.”

“ಇವತ್ತು ಸಂಜೆ ಸೂಜಿ ಬೇಡ. ನಾಳೆಯಿಂದ ಹಳೇ ಒಣ ತಿಂಡಿ, ಹಳೇ ಎರಡು ಯೂನಿಟ್. ಹಡಗು ಶುರುವಾದ ಮೇಲೆ ಕರ್ಕೊಂಡು ಬನ್ನಿ.”

“ಆ ತಿಂಡಿ ಮತ್ತೆ ಹಾಕಲ್ಲ.”

“ಏನಂದ್ರಿ?”

“ಹಾಕಲ್ಲ ಅಂದೆ. ಮೀನು ತಿಂದ್ರೆ ಇವನಿಗೆ ಅಷ್ಟು ಔಷಧಿ ಬೇಡ ಅಂತ ತಾನೇ ಇವತ್ತು ಗೊತ್ತಾಗಿದ್ದು? ಔಷಧಿಗೆ ತಕ್ಕ ಹಾಗೆ ತಿಂಡಿ ಹಾಕೋದಾ ಡಾಕ್ಟ್ರೇ, ತಿಂಡಿಗೆ ತಕ್ಕ ಹಾಗೆ ಔಷಧಿ ಹಾಕೋದಾ? ನೀವೇ ಹೇಳಿ. ಇಲ್ಲಿ ಔಷಧಿ ಸಿಗ್ತಿಲ್ಲ. ಮೀನು ಕಾಲಿಗೆ ತೊಡರುತ್ತೆ.”

ಆ ಕಡೆಯಿಂದ ಯಾವುದೋ ನಾಯಿ ಬೊಗಳುವುದು ಕೇಳಿಸಿತು. ಆಮೇಲೆ ಅವನು ದನಿ ತಗ್ಗಿಸಿ ಹೇಳಿದ: “ತತ್ವ ಸರಿ ಇದೆ ನಿಮ್ಮದು. ಆದರೆ ಹಾಗೆ ಮಾಡಬೇಕಂದ್ರೆ ಪ್ರತಿ ಸೂಜಿಗೆ ಮುಂಚೆ ರಕ್ತ ನೋಡಬೇಕು. ಎರಡು ಹೊತ್ತೂ. ಎಲ್ಲರೂ ಹೂಂ ಅಂತಾರೆ, ಮೂರನೇ ದಿನಕ್ಕೆ ಬೇಜಾರಾಗಿ ಬಿಟ್ಟುಬಿಡ್ತಾರೆ.”

“ನಾನು ಎಲ್ಲರೂ ಅಲ್ಲ.”

“ಅದು ಗೊತ್ತಾಗ್ತಿದೆ. ಬರ್ಕೊಳ್ಳಿ. ಸಕ್ಕರೆ ಲೀಟರ್ ರಕ್ತಕ್ಕೆ ಎರಡು ಗ್ರಾಂಗಿಂತ ಮೇಲಿದ್ರೆ ಒಂದೇ ಒಂದು ಯೂನಿಟ್. ಅದಕ್ಕಿಂತ ಕೆಳಗಿದ್ರೆ ಸೂಜಿ ಮುಟ್ಟಬೇಡಿ, ನನಗೆ ಫೋನ್ ಮಾಡಿ. ಅನುಮಾನ ಬಂದ್ರೆ ಕೊಡಬೇಡಿ. ಒಂದು ಹೊತ್ತು ಸಕ್ಕರೆ ಏರಿದ್ರೆ ಸಾಯಲ್ಲ, ಇಳಿದ್ರೆ ಸಾಯುತ್ತೆ. ಇಷ್ಟರ ಮೇಲೆ ನಿಮ್ಮ ಹಠಕ್ಕೆ ಏನಾದ್ರೂ ಆದ್ರೆ ನನ್ನ ಹೆಸರು ಹೇಳಬೇಡಿ.”

“ಚೆನ್ನಾಗಾದ್ರೂ ಹೇಳಲ್ಲ, ಬಿಡಿ,” ಎಂದು ಅವಳು ಫೋನ್ ಇಟ್ಟಳು.

ರಕ್ತ ನೋಡುವ ಮಿಷನ್ನು ಮನೆಯಲ್ಲಿದ್ದದ್ದು ಒಂದೇ, ಮಬ್ರೂಕಾಳದು. ಅದನ್ನು ಕೇಳಲು ದಲೆಂದಾ ಅಂಗಳ ದಾಟಿದಾಗ ಫೌಜಿಯಾ ಕದಕ್ಕೆ ಅಡ್ಡ ನಿಂತಳು. ಬಂದರಿನ ಸುದ್ದಿ ಆಗಲೇ ಅವಳನ್ನು ಮುಟ್ಟಿತ್ತು.

“ದೇವರೇ ಕೈಬಿಡು ಅಂತ ತೋರಿಸಿಕೊಟ್ಟ. ಇನ್ನೂ ಬುದ್ಧಿ ಬರಲಿಲ್ವಾ? ಈಗ ಅಮ್ಮನ ಮಿಷನ್ನೂ ಬೇಕಾ? ರಕ್ತದ ಹನಿ ಹಾಕೋ ಅದರ ಪಟ್ಟಿ ಎಷ್ಟು ಕಷ್ಟಪಟ್ಟು ತರಿಸ್ತೀವಿ ಗೊತ್ತಾ?”

“ಗೊತ್ತು ಅತ್ತಿಗೆ. ಹಡಗು ಬಿಟ್ಟ ದಿನ ಸ್ಫಾಕ್ಸಿನಿಂದ ಎರಡರಷ್ಟು ತರಿಸಿ ಕೊಡ್ತೀನಿ.”

“ಬೇಡ ಹೋಗು.”

ಒಳಗಿನಿಂದ ಮುದುಕಿಯ ದನಿ ಬಂತು. “ಮಿಷನ್ನು ಯಾರದ್ದೇ, ನಿಂದಾ ನಂದಾ? ಬಿಡೇ ಅವಳನ್ನ ಒಳಗೆ. ನನ್ನ ಸಕ್ಕರೆ ಎಷ್ಟಿದೆ ಅಂತ ನೋಡೋದೇ ದಂಡ. ಜಾಸ್ತಿ ಇದೆ, ನನಗೆ ಗೊತ್ತು.”

ದಲೆಂದಾ ಒಳಗೆ ಹೋಗಿ ಮುದುಕಿಯ ಎದುರು ಕೂತಳು. “ಹಾಗಾದ್ರೆ ನನಗೆ ಬೇಡ ದೊಡ್ಡಮ್ಮ. ಅವನಿಗೆ ಒಂದು ಪಟ್ಟಿ ನೋಡಿದ್ರೆ ನಿಮಗೂ ಒಂದು ನೋಡಬೇಕು. ನಿಮ್ಮದು ಎಷ್ಟು ಬಂತು ಅಂತ ಗಟ್ಟಿಯಾಗಿ ಓದಬೇಕು, ಅತ್ತಿಗೆಗೂ ಕೇಳೋ ಹಾಗೆ. ದಿಂಬಿನ ಕೆಳಗಿನ ಖರ್ಜೂರ ನನ್ನ ಕೈಗೆ ಕೊಡಬೇಕು.”

ಮುದುಕಿಯ ಕೈ ತಾನಾಗಿ ದಿಂಬಿನ ಮೇಲೆ ಹೋಯಿತು. ಫೌಜಿಯಾ ತಾಯಿಯನ್ನೂ ದಿಂಬನ್ನೂ ನೋಡಿದಳು. “ಖರ್ಜೂರಾನಾ?” ಎಂದಳು ಮೆಲ್ಲಗೆ. ಆಮೇಲೆ ಕದದಿಂದ ಸರಿದು ನಿಂತಳು.

ಆ ದಿನದಿಂದ ಅಂಗಳದಲ್ಲಿ ಇಬ್ಬರು ರೋಗಿಗಳು. ಕಿವಿಯ ಅಂಚಿನಲ್ಲಿ ಹಾಯುವ ಸಣ್ಣ ರಕ್ತನಾಳ ಹುಡುಕಲು ದಲೆಂದಾಳಿಗೆ ಮೂರು ದಿನ ಹಿಡಿಯಿತು. ಮೊದಲ ದಿನ ಗರ್ನೀತ್ ಅವಳ ಮಣಿಕಟ್ಟನ್ನು ಸೀಳಿದ. ಎರಡನೆಯ ದಿನ ಪಟ್ಟಿಗೆ ರಕ್ತ ಸಾಲಲಿಲ್ಲ. ಮೂರನೆಯ ದಿನ ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒತ್ತಿ ಹಿಡಿದು ಚುಚ್ಚಿದಾಗ ಸಾಸಿವೆಯಷ್ಟು ಕೆಂಪು ಹನಿ ಮೂಡಿತು. ಮಬ್ರೂಕಾ ಮೀನಿನ ಚೂರು ಹಿಡಿದು ಅವನ ಬಾಯಿಗೆ ತೋರಿಸುತ್ತಿದ್ದಳು, “ನೋಡು ಮಗಾ, ನಾನೂ ಚುಚ್ಚಿಸ್ಕೋತೀನಿ, ಅಳ್ತೀನಾ?” ಎಂದು ತನ್ನ ಬೆರಳು ಚಾಚುತ್ತಿದ್ದಳು. ಬೆಕ್ಕಿನದು ಎರಡೂಕಾಲು ಗ್ರಾಂ ಬಂದ ಬೆಳಿಗ್ಗೆ ಮುದುಕಿಯದು ಮೂರು ಬಂತು. “ಬೆಕ್ಕಿಗೆ ಸೋತೆಯಲ್ಲಮ್ಮ,” ಎಂದಳು ಫೌಜಿಯಾ, ಒಲೆಯ ಕಡೆಯಿಂದ ತಿರುಗದೆ. ಬಹಳ ದಿನದ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಆಗಲೇ.

ದಲೆಂದಾ ಲೆಕ್ಕ ತಪ್ಪಲಿಲ್ಲ. ಮೊದಲು ಅಂಕಿ, ಆಮೇಲೆ ಸೂಜಿ. ಎರಡೂಕಾಲು ಬಂದರೆ ಒಂದು ಯೂನಿಟ್. ಒಂದೂ ಎಂಬತ್ತು ಬಂದ ಸಂಜೆ ಸೂಜಿ ಮುಟ್ಟಲಿಲ್ಲ, ವೈದ್ಯನಿಗೆ ಫೋನ್ ಮಾಡಿದಳು. ಅವನು, “ಮತ್ತೊಂದ್ಸಲ ಓದಿ,” ಎಂದ. ಒಂದು ವಾರದ ಅಂಕಿಗಳನ್ನೆಲ್ಲ ಓದಿಸಿಕೊಂಡು, “ಇನ್ಮೇಲೆ ಅರ್ಧ ಯೂನಿಟ್,” ಎಂದ. ಅರ್ಧ ಯೂನಿಟ್ ಅಂದರೆ ಸಿರಿಂಜಿನಲ್ಲಿ ಕಣ್ಣಿಗೆ ಕಾಣದಷ್ಟು. ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು. ಗಾಳಿ ನಿಂತು ಹಡಗು ಹೊರಟ ದಿನವೇ ಅವನನ್ನು ಸ್ಫಾಕ್ಸಿಗೆ ಒಯ್ದು ತೋರಿಸಿಯೂ ಬಂದಳು. ಬರುವಾಗ ಹೇಳಿದ ಮಾತಿನಂತೆ ಪಟ್ಟಿಯ ಡಬ್ಬಿಗಳನ್ನು ತಂದು ಅತ್ತಿಗೆಯ ಮುಂದಿಟ್ಟಳು. ಫೆಬ್ರವರಿ ಕೊನೆಗೆ ಒಂದು ಬೆಳಿಗ್ಗೆ ಒಂದೂ ಹತ್ತು ಬಂತು. ಮರುದಿನ ಸೊನ್ನೆ ತೊಂಬತ್ತೈದು, ಒಂದು ಗ್ರಾಂಗೂ ಕಡಿಮೆ. ಅದರ ಮರುದಿನವೂ ಹಾಗೆಯೇ. ವೈದ್ಯ ಹೇಳಿದ: “ನಿಲ್ಲಿಸಿ. ಪೂರ್ತಿ ನಿಲ್ಲಿಸಿ. ರಕ್ತ ಮಾತ್ರ ನೋಡ್ತಾ ಇರಿ. ಮತ್ತೆ ಬರಬಹುದು, ಬರದೆಯೂ ಇರಬಹುದು.” ಫೋನ್ ಇಡುವ ಮುಂಚೆ, “ಎಲ್ಲ ಬೆಕ್ಕುಗಳಿಗೂ ಹೀಗಾಗಲ್ಲ ನೋಡಿ,” ಎಂದ. ಅದು ಅವನ ಬಾಯಿಂದ ಬರಬಹುದಾದ ದೊಡ್ಡ ಹೊಗಳಿಕೆ ಎಂದು ಅವಳಿಗೆ ಅರ್ಥವಾಯಿತು.

ಮಾರ್ಚ್ ಮೊದಲ ವಾರ ಔಷಧಿ ಬಂದಿದೆ ಎಂಬ ಸುದ್ದಿ ಹಬ್ಬಿತು. ದಲೆಂದಾ ಮಬ್ರೂಕಾಳ ಔಷಧಿ ಪುಸ್ತಕ ಹಿಡಿದು ರೆಮ್ಲಾದ ಅಂಗಡಿಗೆ ಹೋದಾಗ ಸಾಲು ಬಾಗಿಲ ಹೊರಗೆ ಬೇಕರಿಯವರೆಗೆ ಬೆಳೆದಿತ್ತು. ಅವಳು ತುದಿಯಲ್ಲಿ ನಿಂತಳು.

“ಬಂದ್ಳು ನೋಡಿ ಬೆಕ್ಕಿನ ತಾಯಿ!” ಎಂದಿತು ಒಂದು ದನಿ.

“ಇವತ್ತು ಎಷ್ಟು ಬೆಕ್ಕಿಗೆ ಬೇಕಂತೆ?”

ದಲೆಂದಾಳ ಸರದಿ ಬಂದಾಗ ನೂರೆದ್ದೀನ್ ಕನ್ನಡಕ ಮೇಲಕ್ಕೆ ಸರಿಸಿ ದಣಿದ ದನಿಯಲ್ಲಿ, “ಹೇಳಿದ್ನಲ್ಲಮ್ಮ ನಿನಗೆ,” ಎಂದ.

ಅವಳು ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. “ಇದು ಮಬ್ರೂಕಾದು. ಸೀಲು ನೋಡ್ಕೊಳ್ಳಿ.” ಆಮೇಲೆ ಸಾಲಿನ ಕಡೆ ತಿರುಗಿದಳು. ಟಿಕೆಟ್ ಕಿಟಕಿಯಲ್ಲಿ ಗಾಳಿಯ ಮೇಲೆ ಕೂಗಿ ಪಳಗಿದ ಗಂಟಲು ಅದು, ಬೇಕರಿಯವನಿಗೂ ಕೇಳಿಸಿತು.

“ಎಲ್ಲರೂ ಕೇಳಿಸ್ಕೊಳ್ಳಿ, ಆಮೇಲೆ ಒಬ್ಬೊಬ್ಬರಿಗೆ ಹೇಳ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ. ನನ್ನ ಬೆಕ್ಕು ಸೂಜಿ ಮುಟ್ಟಿ ಒಂಬತ್ತು ದಿನ ಆಯ್ತು. ನಿಮ್ಮ ಯಾರ ಪಾಲನ್ನೂ ಅವನು ತಿಂದಿಲ್ಲ. ಅದಕ್ಕೆ ನೀವು ಸಂತೋಷಪಡಬೇಕಾಗಿಲ್ಲ, ನಾನೂ ನಿಮ್ಮ ಕ್ಷಮೆ ಕೇಳ್ತಿಲ್ಲ. ನಾಳೆ ಅವನಿಗೆ ಮತ್ತೆ ಬೇಕಾದ್ರೆ ಮತ್ತೆ ಬರ್ತೀನಿ. ನಿಮ್ಮೆಲ್ಲರ ಹಿಂದೆ, ಕಟ್ಟಕಡೆಗೆ ನಿಲ್ತೀನಿ. ಎಲ್ಲರಿಗೂ ಸಿಕ್ಕಿ ಉಳಿದ್ರೆ ಕೇಳ್ತೀನಿ. ಉಳಿಯದಿದ್ರೆ ಮರುದಿನ ಬಂದು ಕೇಳ್ತೀನಿ. ಆದರೆ ಕೇಳೋಕೆ ನಾಚಲ್ಲ.”

ಯಾರೂ ಮಿಯಾಂವ್ ಅನ್ನಲಿಲ್ಲ. ಮುಂದೆ ನಿಂತಿದ್ದ ಒಬ್ಬ ಮುದುಕ ತನ್ನ ಪಕ್ಕದವನಿಗೆ, “ಮೀನು ತಿಂದೇ ಇಳೀತಂತಾ?” ಎಂದು ಪಿಸುಗುಟ್ಟಿದ. ಇನ್ನೊಬ್ಬಳು ಮೂಗು ಮುರಿದಳು. ಅವಳ ಅಭಿಪ್ರಾಯ ಬದಲಾಗಿರಲಿಲ್ಲ, ಬದಲಾಗುವಂತೆಯೂ ಕಾಣಲಿಲ್ಲ.

ನೂರೆದ್ದೀನ್ ಮಬ್ರೂಕಾಳ ಬಾಟಲಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಕಾಯುವವರ ಹೆಸರು ಬರೆಯುವ ಪುಸ್ತಕ ಅವನ ಪಕ್ಕದಲ್ಲೇ ತೆರೆದಿತ್ತು. ದಲೆಂದಾ ಅದರ ಕಡೆ ಬೆರಳು ತೋರಿಸಿದಳು.

“ಕೊನೇಲಿ ಬರ್ಕೊಳ್ಳಿ.”

“ದಲೆಂದಾ ಅಂತ ತಾನೇ?” ಅವನು ಪೆನ್ನು ಎತ್ತಿದ.

“ನನಗೆ ಸಕ್ಕರೆ ಇಲ್ಲ. ರೋಗಿ ಹೆಸರು ಬರೀರಿ. ಗರ್ನೀತ್. ವಯಸ್ಸು ಎಂಟು.”

ಸಾಲಿನಲ್ಲಿ ನಗು ಎದ್ದಿತು. ನೂರೆದ್ದೀನ್ ನಗಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿ, ಎಲ್ಲ ಹೆಸರುಗಳ ಕೆಳಗೆ ದುಂಡಗೆ ಬರೆದುಕೊಂಡ.

ಬೇಸಿಗೆಯ ಹೊತ್ತಿಗೆ ಗರ್ನೀತನ ಹಿಂಗಾಲಿನ ತ್ರಾಣ ಮುಕ್ಕಾಲು ಪಾಲು ಮರಳಿತು. ಓಡುವಾಗ ಮಾತ್ರ ಎಡಗಾಲು ಸ್ವಲ್ಪ ಸೋಲುತ್ತದೆ. ವಾರಕ್ಕೆರಡು ಸಲ ಕಿವಿ ಚುಚ್ಚಿಸಿಕೊಳ್ಳುತ್ತಾನೆ, ಮೀನಿಗೆ ಗಲಾಟೆ ಮಾಡುತ್ತಾನೆ. ಅಂಗಡಿಯ ಪುಸ್ತಕದಲ್ಲಿ ಅವನ ಹೆಸರು ಇನ್ನೂ ಇದೆ. ಅಳಿಸಲಾ ಎಂದು ನೂರೆದ್ದೀನ್ ಎರಡು ಸಲ ಕೇಳಿದ. ಇರಲಿ ಬಿಡಿ, ಅಂದಳು ದಲೆಂದಾ.